ರೋಗಿಯ ಗುಟ್ಟು, ಕಚೇರಿಯ ಗುಟ್ಟು

(ಹಾಸನದಲ್ಲಿ ಕಾನೂನು ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ. ಅಂದು ಸಮಯ ಸಾಲದೆ ಬಿಟ್ಟ ಕೆಲವು ಮಾತುಗಳನ್ನೂ ಸೇರಿಸಿ ಬರಹಕ್ಕೆ ಇಳಿಸಿದ್ದೇನೆ.)

2025ರ ಮೇ, ಜೂನ್ ತಿಂಗಳುಗಳನ್ನು ಈ ಊರಿನವರು ಅಷ್ಟು ಬೇಗ ಮರೆಯುವುದಿಲ್ಲ. ಸುಮಾರು 40 ದಿನಗಳಲ್ಲಿ ಜಿಲ್ಲೆಯ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂದು ಪತ್ರಿಕೆಗಳೂ ವಾಹಿನಿಗಳೂ ದಿನದಿನವೂ ಲೆಕ್ಕ ಕೊಡುತ್ತಿದ್ದವು. ಲೆಕ್ಕದ ಜೊತೆಗೆ ಸತ್ತವರ ಹೆಸರು, ಭಾವಚಿತ್ರ, ಊರು, ಉದ್ಯೋಗ, ಕೊನೆಯ ಗಳಿಗೆಯ ವಿವರ ಎಲ್ಲವೂ ಬಂದವು. ಎದೆಯಲ್ಲಿ ತುಸು ಉರಿ ಕಂಡವರೂ ಹೆದರಿ ಮೈಸೂರಿನ, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಕೋವಿಡ್ ಲಸಿಕೆಯ ಮೇಲೆ ಅನುಮಾನ ಹುಟ್ಟಿತು, ಅದು ರಾಜಕೀಯದ ಮಾತೂ ಆಯಿತು. ಕೊನೆಗೆ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಗೆ ಆಗ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಜುಲೈ ತಿಂಗಳಲ್ಲಿ ವರದಿ ಬಂದಾಗ ತಿಳಿದದ್ದು ಇಷ್ಟು: ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ, ಉಳಿದವುಗಳಲ್ಲಿ ಹೆಚ್ಚಿನವರಿಗೆ ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹಳೆಯ ಕಾರಣಗಳು ಇದ್ದವು, ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜವೆನ್ನುವಷ್ಟು ಏರಿಕೆ ಕಂಡುಬಂದಿಲ್ಲ.

ಇದರಲ್ಲಿ ನಾನು ಗಮನಿಸಿದ್ದು ಒಂದು ಸಣ್ಣ ಸಂಗತಿ. ಹೆಸರು ಮೊದಲು ಬಂತು, ಲೆಕ್ಕ ಆಮೇಲೆ ಬಂತು. ಯಾವುದನ್ನು ಮನೆಯವರಿಗೆ ಬಿಡಬೇಕಾಗಿತ್ತೋ ಅದು ಮೊದಲ ದಿನವೇ ಬೀದಿಗೆ ಬಿತ್ತು. ಯಾವುದು ಮೊದಲಿನಿಂದಲೇ ಜನರ ಕೈಯಲ್ಲಿ ಇರಬೇಕಾಗಿತ್ತೋ, ಅಂದರೆ ಈ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಒಂದು ತಿಂಗಳಿಗೆ ಎಷ್ಟು ಮಂದಿ ಹೃದ್ರೋಗದಿಂದ ಸಾಯುತ್ತಾರೆ, ಅವರಲ್ಲಿ 45 ವರ್ಷಕ್ಕಿಂತ ಕಡಿಮೆ ವಯಸ್ಸಿನವರು ಎಷ್ಟು, ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಯಂತ್ರವಿದೆ, ಯಾವುದರಲ್ಲಿ ಅದು ಕೆಟ್ಟು ಕುಳಿತಿದೆ ಎಂಬ ಲೆಕ್ಕ, ಅದನ್ನು ಒಟ್ಟುಗೂಡಿಸಲು ಸಮಿತಿಯೇ ಬೇಕಾಯಿತು. ಹಿಂದಿನ ಐದು ವರ್ಷಗಳ ಅಂಕಿ ಜಿಲ್ಲಾ ಆರೋಗ್ಯ ಕಚೇರಿಯ ಗೋಡೆಯ ಮೇಲೆ ತೂಗುತ್ತಿದ್ದಿದ್ದರೆ ಆ ಜೂನ್ ತಿಂಗಳಲ್ಲಿ ನಾವು ಕನಿಷ್ಠಪಕ್ಷ ಯಾವುದರೊಡನೆ ಹೋಲಿಸಿ ಹೆದರಬೇಕು ಎಂಬುದನ್ನಾದರೂ ತಿಳಿದು ಹೆದರುತ್ತಿದ್ದೆವು.

ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಆರೋಗ್ಯ ಇಲಾಖೆಯ ಗುಮಾಸ್ತನಾಗಿ ಸೇರಿ, ಬಹುಕಾಲ ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ ಕೇಸ್ ಶೀಟುಗಳ ಕಟ್ಟು ಕಟ್ಟಿ, ಕೊನೆಯ ವರ್ಷಗಳಲ್ಲಿ ಒಂದು ಕಚೇರಿಯಲ್ಲಿ ಮಾಹಿತಿ ಹಕ್ಕು ಅರ್ಜಿಗಳ ವಿಷಯ ನಿರ್ವಾಹಕನಾಗಿ ನಿವೃತ್ತನಾದವನು. ಹೀಗಾಗಿ ರೋಗಿಯ ಗುಟ್ಟು ಹೇಗೆ ಸೋರುತ್ತದೆ ಎಂಬುದನ್ನೂ, ಕಚೇರಿಯ ಗುಟ್ಟು ಹೇಗೆ ಉಳಿಯುತ್ತದೆ ಎಂಬುದನ್ನೂ ಒಂದೇ ಕಟ್ಟಡದಲ್ಲಿ ಕಂಡಿದ್ದೇನೆ. ಸರ್ಕಾರದ ಪಾರದರ್ಶಕತೆ ಮತ್ತು ರೋಗಿಯ ಖಾಸಗಿತನ ಎಂದ ಕೂಡಲೇ ತಕ್ಕಡಿಯ ಎರಡು ತಟ್ಟೆಗಳ ಚಿತ್ರ ಕಣ್ಣ ಮುಂದೆ ಬರುತ್ತದೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂದು ನಾವು ಭಾವಿಸುತ್ತೇವೆ. ನನ್ನ ಅನುಭವ ಅದಲ್ಲ. ನೂರು ಕಡತಗಳಲ್ಲಿ ತೊಂಬತ್ತಕ್ಕೂ ಮಿಕ್ಕಿದವುಗಳಲ್ಲಿ ಇವೆರಡಕ್ಕೆ ಜಗಳವೇ ಇಲ್ಲ. ರೋಗಿಯ ಹೆಸರನ್ನು ಕಚೇರಿ ತನ್ನ ಗುರಾಣಿಯಾಗಿ ಹಿಡಿದುಕೊಂಡಾಗ ಜಗಳವಿದ್ದಂತೆ ಕಾಣುತ್ತದೆ, ಅಷ್ಟೆ.

ಒಂದು ಅರ್ಜಿಯನ್ನು ಹೇಳುತ್ತೇನೆ. ಎರಡು ವರ್ಷಗಳಲ್ಲಿ ಎಷ್ಟು ಸ್ಕ್ಯಾನಿಂಗ್ ಕೇಂದ್ರಗಳ ತಪಾಸಣೆ ನಡೆದಿದೆ, ಎಷ್ಟಕ್ಕೆ ನೋಟಿಸು ಕೊಟ್ಟಿದ್ದೀರಿ, ತಪಾಸಣಾ ವರದಿಗಳ ಪ್ರತಿ ಕೊಡಿ ಎಂದು ಒಬ್ಬರು ಕೇಳಿದ್ದರು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿತ್ತು, 150 ಪದಗಳನ್ನೂ ಮೀರಿರಲಿಲ್ಲ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೂಡ ಸರಿಯಾಗಿತ್ತು. ಅಂದರೆ ತಿರಸ್ಕರಿಸಲು ನಮಗೆ ಸುಲಭವಾಗಿ ಸಿಗುವ ಯಾವ ನೆಪವೂ ಇರಲಿಲ್ಲ. ಮೇಲಿನವರು ಹೇಳಿದರು, ನಾನು ಹಿಂಬರಹ ಬರೆದೆ: ‘ತಾವು ಕೋರಿರುವ ಮಾಹಿತಿಯು ರೋಗಿಗಳ ವೈಯಕ್ತಿಕ ಮಾಹಿತಿಯನ್ನು ಒಳಗೊಂಡಿರುವುದರಿಂದ ನೀಡಲು ಅವಕಾಶವಿರುವುದಿಲ್ಲ.’ ತಪಾಸಣಾ ವರದಿಯಲ್ಲಿ ರೋಗಿಗಳ ಹೆಸರು ಇದ್ದದ್ದು ಎಲ್ಲೋ ಒಂದೆರಡು ಕಡೆ. ಉಳಿದದ್ದೆಲ್ಲ ಯಂತ್ರದ ಸಂಖ್ಯೆ, ನೋಂದಣಿ ಮುಗಿದ ದಿನಾಂಕ, ನಾಮಫಲಕ ಇತ್ತೇ ಇಲ್ಲವೇ ಎಂಬ ಸಂಗತಿಗಳು. ಯಂತ್ರಕ್ಕೆ ಯಾವ ಖಾಸಗಿತನ? ನೆಗಡಿ ಬಂತೆಂದು ಮೂಗನ್ನೇ ಕೊಯ್ದ ಆ ಹಿಂಬರಹದಲ್ಲಿ ಕೈಬರಹ ನನ್ನದೇ ಆಗಿತ್ತು.

ಅದೇ ವಾರ, ನಾನು ಹಿಂದೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ, ಪ್ರಯೋಗಾಲಯದ ಕಿಟಕಿಯ ಕಟ್ಟೆಯ ಮೇಲೆ ರಕ್ತಪರೀಕ್ಷೆಯ ಚೀಟಿಗಳನ್ನು ರಾಶಿ ಹಾಕಿದ್ದರು. ಬಂದವರು ತಮ್ಮ ಚೀಟಿ ಹುಡುಕುವ ನೆಪದಲ್ಲಿ ಉಳಿದವರ ಚೀಟಿಗಳನ್ನೆಲ್ಲ ತಿರುವಿ ಹಾಕುತ್ತಿದ್ದರು. ಎಚ್‌ಐವಿ ಇರುವವರ ಕೇಸ್ ಶೀಟಿನ ಮೂಲೆಗೆ ಕೆಂಪು ಶಾಯಿಯಲ್ಲಿ ಗುರುತು ಹಾಕುವ ರೂಢಿ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಬಂದ ಮೇಲೂ, ಅಲ್ಲಿ ಪೂರ್ತಿ ಹೋಗಿರಲಿಲ್ಲ. ಹಾಸನದವರು ಪರೀಕ್ಷೆಗೆ ಚಿಕ್ಕಮಗಳೂರಿಗೂ ಅಲ್ಲಿಯವರು ಇಲ್ಲಿಗೂ ಬಸ್ಸು ಹತ್ತುತ್ತಿದ್ದುದನ್ನು ನಾನು ಬಲ್ಲೆ. ಔಷಧಿ ಎರಡೂ ಕಡೆ ಒಂದೇ. ಸಾಲಿನಲ್ಲಿ ಪರಿಚಯದ ಮುಖ ಸಿಗಬಾರದು ಎಂಬುದೊಂದೇ ಕಾರಣ.

ಈಗ ಕಾನೂನಿನ ಕಡೆ ಬರೋಣ. ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂತು. ಅದರ 8(1)(ಜೆ) ಕಲಮು ಮೊದಲು ಹೇಗಿತ್ತೆಂದರೆ, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಅಥವಾ ಕೊಟ್ಟರೆ ವ್ಯಕ್ತಿಯ ಖಾಸಗಿತನಕ್ಕೆ ಅನಗತ್ಯವಾಗಿ ಕೈಹಾಕಿದಂತಾಗುವ ವೈಯಕ್ತಿಕ ಮಾಹಿತಿಯನ್ನು ಕೊಡಬೇಕಾಗಿಲ್ಲ, ಆದರೆ ವಿಶಾಲ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು. ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯನಿಗೂ ನಿರಾಕರಿಸಬಾರದು ಎಂಬ ಚೆಂದದ ಮಾತೊಂದೂ ಅದರ ಜೊತೆಗಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕಲಮನ್ನು ತಿದ್ದಿತು, ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೂ ಬಂತು. ಈಗ ಅಲ್ಲಿ ಉಳಿದಿರುವುದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟೇ ಅರ್ಥದ ಒಂದು ಗಿಡ್ಡ ವಾಕ್ಯ. ನಾನು ಅಂದು ಬರೆದ ಹಿಂಬರಹ ಅಂದಿನ ಕಾನೂನಿಗೆ ತಪ್ಪಾಗಿತ್ತು. ಇಂದು ಅದನ್ನು ಬರೆಯುವ ಗುಮಾಸ್ತನಿಗೆ ಅಳುಕು ಕಡಿಮೆ ಆಗಿರುತ್ತದೆ ಎಂಬುದು ನನ್ನ ಚಿಂತೆ.

ಆದರೆ ಕಾನೂನು ವಿದ್ಯಾರ್ಥಿಗಳು ಗಮನಿಸಬೇಕಾದದ್ದು, ತಿದ್ದುಪಡಿ ಮುಟ್ಟದೆ ಬಿಟ್ಟ ಕಲಮುಗಳನ್ನು. 8(2) ಹಾಗೆಯೇ ಇದೆ; ಸಾರ್ವಜನಿಕ ಹಿತವು ಆಗುವ ಹಾನಿಗಿಂತ ಹೆಚ್ಚಿದ್ದರೆ ವಿನಾಯಿತಿ ಇರುವ ಮಾಹಿತಿಯನ್ನೂ ಕೊಡಬಹುದು. 10ನೆಯ ಕಲಮು ಹಾಗೆಯೇ ಇದೆ. ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬೇಕು. ನಿರಾಕರಿಸಿದ್ದು ಸರಿ ಎಂದು ಮೇಲ್ಮನವಿಯಲ್ಲಿ ತೋರಿಸಬೇಕಾದ ಹೊಣೆ ಅಧಿಕಾರಿಯದ್ದೇ ಎಂಬ 19(5) ಕೂಡ ಅಲ್ಲಿಯೇ ಇದೆ. ಖಾಸಗಿ ಆಸ್ಪತ್ರೆಯ ಮಾತು ಬಂದಾಗ 2(ಎಫ್) ನೆನಪಿರಲಿ: ಯಾವುದೇ ಕಾನೂನಿನ ಅಡಿ ಸರ್ಕಾರಿ ಪ್ರಾಧಿಕಾರವು ಖಾಸಗಿ ಸಂಸ್ಥೆಯಿಂದ ತರಿಸಿಕೊಳ್ಳಬಹುದಾದ ಮಾಹಿತಿಯೂ ಈ ಕಾಯ್ದೆಯ ಅರ್ಥದಲ್ಲಿ ಮಾಹಿತಿಯೇ.

ಖಾಸಗಿತನದ ಬಗ್ಗೆ ನಮ್ಮ ರಾಜ್ಯಕ್ಕೆ ಸೇರಿದ ಒಂದು ಹೆಮ್ಮೆಯೂ ಇದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ತೀರ್ಪಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2019ರ ನವೆಂಬರ್‌ನಲ್ಲಿ, ಮುಖ್ಯ ನ್ಯಾಯಮೂರ್ತಿಗಳ ಕಚೇರಿಯೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದ ತೀರ್ಪಿನಲ್ಲಿಯೇ, ವೈದ್ಯಕೀಯ ದಾಖಲೆ, ಚಿಕಿತ್ಸೆ, ಔಷಧಿ, ಭೇಟಿ ಕೊಟ್ಟ ಆಸ್ಪತ್ರೆ ಮತ್ತು ವೈದ್ಯರ ವಿವರ ಇವು ವೈಯಕ್ತಿಕ ಮಾಹಿತಿ ಎಂದು ನ್ಯಾಯಾಲಯ ಪಟ್ಟಿ ಮಾಡಿತು. ಬಾಗಿಲು ತೆರೆದ ತೀರ್ಪೇ ಬೀಗ ಎಲ್ಲಿ ಇರಬೇಕೆಂಬುದನ್ನೂ ತೋರಿಸಿತು. ಬೀಗ ಇರುವುದು ರೋಗಿಯ ಪೆಟ್ಟಿಗೆಗೆ. ಆ ಪೆಟ್ಟಿಗೆಯನ್ನು ಇಟ್ಟುಕೊಂಡವರು ತಮ್ಮ ಇಡೀ ಮನೆಗೆ ಅದೇ ಬೀಗ ಜಡಿಯಲು ಬರುವುದಿಲ್ಲ.

ಒಬ್ಬಳೇ ಗರ್ಭಿಣಿಯ ಬಗ್ಗೆ ನಮ್ಮ ದೇಶದ ಎರಡು ಕಾನೂನುಗಳು ಹೇಗೆ ಬೇರೆ ಬೇರೆ ದಾರಿ ಹಿಡಿದಿವೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಹೋಲಿಕೆಯೇ.

ಮೊದಲನೆಯದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ. ಇದರ 2003ರ ನಿಯಮಾವಳಿಯಂತೆ ಮಹಿಳೆಯ ಒಪ್ಪಿಗೆ ಪತ್ರವನ್ನೂ ವೈದ್ಯರ ಅಭಿಪ್ರಾಯವನ್ನೂ ಲಕೋಟೆಯಲ್ಲಿಟ್ಟು, ಸೀಲು ಮಾಡಿ, ಮೇಲೆ ‘ರಹಸ್ಯ’ ಎಂದು ಬರೆದು, ಕ್ರಮಸಂಖ್ಯೆ ಕೊಟ್ಟು ಇಡಬೇಕು. ದಾಖಲಾತಿ ವಹಿಯೇ ರಹಸ್ಯ ದಸ್ತಾವೇಜು. ಬೇರೆ ಯಾವುದೇ ಕೇಸ್ ಶೀಟಿನಲ್ಲಿ, ಚೀಟಿಯಲ್ಲಿ ಆಕೆಯನ್ನು ಗುರುತಿಸಬೇಕಾದಾಗ ಹೆಸರಿನ ಬದಲು ಆ ಸಂಖ್ಯೆಯನ್ನು ಬರೆಯಬೇಕು. ಮೇಲಿನ ಅಧಿಕಾರಿಗೆ ಪ್ರತಿ ತಿಂಗಳು ಹೋಗುವುದು ಎಷ್ಟು ಪ್ರಕರಣ, ಯಾವ ಕಾರಣ ಎಂಬ ಲೆಕ್ಕ ಮಾತ್ರ. ಉದ್ಯೋಗದಲ್ಲಿರುವ ಮಹಿಳೆಗೆ ರಜೆಗಾಗಿ ಪ್ರಮಾಣಪತ್ರ ಬೇಕಾದರೆ ಅದನ್ನು ಹೇಗೆ ಕೊಡಬೇಕು, ಅದನ್ನು ಪಡೆದ ಮಾಲೀಕ ಅದನ್ನು ಇನ್ನೊಬ್ಬರಿಗೆ ಹೇಳಬಾರದು ಎಂಬುದರವರೆಗೆ ನಿಯಮ ಯೋಚಿಸಿದೆ. 2021ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಆಕೆಯ ಗುರುತನ್ನು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು ಎಂದಿತು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಅಪ್ರಾಪ್ತ ಹುಡುಗಿ ಮತ್ತು ಆಕೆಯ ಪೋಷಕರು ಕೋರಿದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ವರದಿ ಕೊಡುವಾಗ ವೈದ್ಯರು ಆಕೆಯ ಹೆಸರನ್ನು ಹೇಳಬೇಕಾಗಿಲ್ಲ ಎಂದು ಸ್ಪಷ್ಟಪಡಿಸಿತು. ಲೆಕ್ಕ ಮೇಲೆ ಹೋಗುತ್ತದೆ, ಹೆಸರು ಕೆಳಗೇ ಉಳಿಯುತ್ತದೆ. ಗುಮಾಸ್ತನಾಗಿ ಹೇಳುತ್ತೇನೆ, ಇಷ್ಟು ಎಚ್ಚರಿಕೆಯಿಂದ ಬರೆದ ನಮೂನೆಗಳನ್ನು ನಾನು ಹೆಚ್ಚು ಕಂಡಿಲ್ಲ.

ಎರಡನೆಯದು 1994ರ ಪಿಸಿ ಪಿಎನ್‌ಡಿಟಿ ಕಾಯ್ದೆ, ಅಂದರೆ ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾನೂನು. ಇಲ್ಲಿ ಸ್ಕ್ಯಾನಿಂಗಿಗೆ ಬಂದ ಪ್ರತಿಯೊಬ್ಬ ಗರ್ಭಿಣಿಗೂ ಎಫ್ ನಮೂನೆ ತುಂಬಬೇಕು. ಅದರಲ್ಲಿ ಆಕೆಯ ಹೆಸರು, ವಯಸ್ಸು, ಗಂಡನ ಅಥವಾ ತಂದೆಯ ಹೆಸರು, ವಿಳಾಸ, ಈಗಾಗಲೇ ಇರುವ ಗಂಡು ಹೆಣ್ಣು ಮಕ್ಕಳ ಸಂಖ್ಯೆ ಎಲ್ಲವೂ ಇರುತ್ತವೆ. ಪ್ರತಿ ತಿಂಗಳ ವರದಿ ಮುಂದಿನ ತಿಂಗಳ 5ನೆಯ ತಾರೀಖಿನೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಹೋಗಬೇಕು. ದಾಖಲೆಗಳನ್ನು ಎರಡು ವರ್ಷ ಇಡಬೇಕು. ಈ ಕಾನೂನಿನ ಉದ್ದೇಶವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ 2023ರ ಕೊನೆಯಲ್ಲಿ ನೆರೆಯ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ಜಾಲ ಬಯಲಾದಾಗ ನಾವೆಲ್ಲ ನೋಡಿದ್ದೇನು? ಬೆಲ್ಲ ಬೇಯಿಸುವ ಜಾಗದಲ್ಲಿ ಕುಳಿತ ಆ ಯಂತ್ರದ ಬಳಿ ಎಫ್ ನಮೂನೆ ಯಾರು ತುಂಬುತ್ತಾರೆ? ಕಾನೂನಿಗೆ ತಲೆಬಾಗಿ ನಡೆದ ಕೇಂದ್ರಗಳಿಗೆ ಹೋದ ಸಾವಿರಾರು ಹೆಣ್ಣುಮಕ್ಕಳ ಹೆಸರು, ವಿಳಾಸ ಕಚೇರಿಯ ಬೀರುವಿನಲ್ಲಿದ್ದವು, ಅಪರಾಧ ಮಾತ್ರ ಆಲೆಮನೆಯಲ್ಲಿತ್ತು. ಯಂತ್ರ ಮಾರಿದವರು ಯಾರು, ಕೊಂಡವರು ಯಾರು, ಹಳೆಯ ಯಂತ್ರ ಗುಜರಿಗೆ ಹೋಯಿತೇ ಇಲ್ಲವೇ, ತಪಾಸಣೆಗೆ ಯಾರು ಯಾವ ದಿನ ಹೋಗಿದ್ದರು ಎಂಬ ದಾಖಲೆಗಳಲ್ಲಿ ಒಬ್ಬ ರೋಗಿಯ ಹೆಸರೂ ಇಲ್ಲ. ನಾನು ಹಿಂಬರಹ ಬರೆದು ತಡೆದದ್ದು ಇಂಥ ಹಾಳೆಗಳನ್ನೇ.

ನಿಜವಾದ ಜಗಳ ಇರುವ ಜಾಗವೂ ಒಂದಿದೆ. ಅದು ಚಿಕ್ಕ ಸಂಖ್ಯೆಗಳ ಜಾಗ. ಹೆಸರು ಅಳಿಸಿದರೆ ಗುರುತು ಅಳಿಯಿತು ಎಂದುಕೊಳ್ಳುವುದು ತಪ್ಪು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1990ರ ದಶಕದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು, ಹೆಸರು ತೆಗೆದು, ಸಂಶೋಧನೆಗೆ ಒದಗಿಸಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ ಅವರು 20 ಡಾಲರಿಗೆ ಮತದಾರರ ಪಟ್ಟಿ ಕೊಂಡು, ಅಂಚೆ ಪಿನ್ ಸಂಖ್ಯೆ, ಹುಟ್ಟಿದ ದಿನ, ಲಿಂಗ ಈ ಮೂರನ್ನು ಜೋಡಿಸಿ ಅಂದಿನ ಗವರ್ನರ್ ವಿಲಿಯಂ ವೆಲ್ಡ್ ಅವರ ವೈದ್ಯಕೀಯ ದಾಖಲೆಯನ್ನೇ ಗುರುತಿಸಿ ತೋರಿಸಿದರು. ನಮಗೆ ಅಷ್ಟು ಶ್ರಮವೂ ಬೇಡ. ಜಿಲ್ಲೆಯಲ್ಲೇ ಚಿಕ್ಕದಾದ ಆಲೂರು ತಾಲ್ಲೂಕಿನಲ್ಲಿ ‘38 ವರ್ಷದ ಪುರುಷ, ವೃತ್ತಿಯಲ್ಲಿ ಚಾಲಕ, ಮಂಗಳವಾರ ಸಾವು’ ಎಂದು ಪ್ರಕಟಣೆ ಬಂದರೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಟೀ ತಣ್ಣಗಾಗುವ ಮೊದಲೇ ಮನೆತನ ಸಹಿತ ಗೊತ್ತಾಗುತ್ತದೆ.

ಕೋವಿಡ್ ಕಾಲದಲ್ಲಿ ಇದನ್ನು ನಾವು ಕಣ್ಣಾರೆ ಕಂಡೆವು. ರಾಜ್ಯದ ದೈನಂದಿನ ಪ್ರಕಟಣೆಯಲ್ಲಿ ಹೆಸರಿರಲಿಲ್ಲ, ‘ಪಿ’ ಅಕ್ಷರದ ಮುಂದೆ ಒಂದು ಸಂಖ್ಯೆ, ವಯಸ್ಸು, ಲಿಂಗ, ಜಿಲ್ಲೆ, ಯಾರ ಸಂಪರ್ಕದಿಂದ ಬಂತು ಎಂಬುದು ಇತ್ತು. ಬೆಂಗಳೂರಿನ ಮಟ್ಟಿಗೆ ಅದು ಸಂಖ್ಯೆ. ಹಳ್ಳಿಯ ಮಟ್ಟಿಗೆ ಅದೇ ಹೆಸರು. ಅದಕ್ಕೂ ಮೊದಲು 2020ರ ಮಾರ್ಚಿನಲ್ಲಿ ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ನಮ್ಮ ಸರ್ಕಾರವೇ ಪ್ರಕಟಿಸಿತ್ತು. ಬಾಗಿಲಿಗೆ ಅಂಟಿಸುತ್ತಿದ್ದ ಭಿತ್ತಿಪತ್ರದ ಬಗ್ಗೆ ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಅಂಟಿಸಬಾರದು ಎಂದಿತು. ಅಷ್ಟರಲ್ಲಿ ಮೊದಲ ಅಲೆ ಇಳಿಯತೊಡಗಿತ್ತು.

ಹಾಗಾದರೆ ಚಿಕ್ಕ ಸಂಖ್ಯೆಗಳನ್ನು ಹೇಳಲೇಬಾರದೇ? ಹೇಳಬೇಕು, ಹೇಳುವ ರೀತಿ ಇದೆ. ಅಮೆರಿಕದ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ವ್ಯವಸ್ಥೆಯಲ್ಲಿ 11ಕ್ಕಿಂತ ಕಡಿಮೆ ಇರುವ ರೋಗಿಸಂಖ್ಯೆಯನ್ನು ಪ್ರಕಟಿಸುವುದಿಲ್ಲ. ಇನ್ನೊಂದು ಕೋಷ್ಟಕದಿಂದ ಕಳೆದು ಅದನ್ನು ಕಂಡುಹಿಡಿಯಲು ಆಗದಂತೆಯೂ ನೋಡಿಕೊಳ್ಳುತ್ತಾರೆ. ಆಲೂರಿನ ಅಂಕಿಯನ್ನು ಸಕಲೇಶಪುರದ ಜೊತೆ ಸೇರಿಸಬಹುದು, ತಿಂಗಳ ಬದಲು ಮೂರು ತಿಂಗಳ ಲೆಕ್ಕ ಕೊಡಬಹುದು, 38 ಎನ್ನುವ ಬದಲು 30ರಿಂದ 45 ಎನ್ನಬಹುದು. ಯಾವುದನ್ನು ಮಸುಕು ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದು ಆ ಮಾಹಿತಿ ಯಾರಿಗೆ, ಯಾತಕ್ಕೆ ಬೇಕು ಎಂಬುದರ ಮೇಲೆ ನಿಂತಿದೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ, ಮನುಷ್ಯನಿಂದ ಮನುಷ್ಯನಿಗೆ ಅಲ್ಲ. ಯಾವ ಕಾಡಂಚಿನಲ್ಲಿ ಮಂಗ ಸತ್ತಿದೆ, ಯಾವ ತೋಟದ ಬದಿಯಲ್ಲಿ ಸೋಂಕಿರುವ ಉಣ್ಣೆ ಸಿಕ್ಕಿದೆ ಎಂಬುದನ್ನು ಗುಡ್ಡ, ಹಳ್ಳ ಸಹಿತ ಖಚಿತವಾಗಿ ಹೇಳಬೇಕು, ಅಲ್ಲಿ ಮಸುಕು ಮಾಡಿದರೆ ಸೊಪ್ಪು ತರಲು ಹೋದವರ ಪ್ರಾಣಕ್ಕೆ ಕುತ್ತು. ಜ್ವರ ಬಂದ ಕೂಲಿಯಾಳಿನ ಹೆಸರಿನಿಂದಲೋ ಲೈನ್ ಮನೆಯ ನಂಬರಿನಿಂದಲೋ ಯಾರಿಗೂ ಒಂದು ಉಣ್ಣೆಯೂ ಕಡಿಮೆಯಾಗುವುದಿಲ್ಲ. ಆತನಿಗೆ ಮರುದಿನ ತೋಟದಲ್ಲಿ ಕೆಲಸ ಸಿಗುವುದು ಮಾತ್ರ ನಿಲ್ಲಬಹುದು.

ಲಸಿಕೆಯ ವಿಷಯದಲ್ಲಿಯೂ 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ದಾರಿ ಹಿಡಿಯಿತು: ಲಸಿಕೆಯ ನಂತರದ ಅಡ್ಡಪರಿಣಾಮಗಳನ್ನು ಜನರೂ ಖಾಸಗಿ ವೈದ್ಯರೂ ವರದಿ ಮಾಡಲು ಅವಕಾಶವಿರಲಿ, ವರದಿಗಳು ಸಾರ್ವಜನಿಕರಿಗೆ ಸಿಗಲಿ, ವರದಿ ಮಾಡಿದವರ ಗುರುತು ಮಾತ್ರ ಕಾಪಾಡಲ್ಪಡಲಿ. ಮೂರು ವರ್ಷಗಳ ನಂತರ ಹಾಸನದಲ್ಲಿ ಲಸಿಕೆಯ ಮೇಲೆ ಅನುಮಾನ ಎದ್ದಾಗ, ಆ ಲೆಕ್ಕವನ್ನು ಎಲ್ಲಿ ನೋಡಬೇಕೆಂದು ನನ್ನನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಲೆಕ್ಕ ಇದ್ದರೆ ಸಾಲದು, ಅದು ಇದೆ ಎಂಬುದೂ ಜನರಿಗೆ ಗೊತ್ತಿರಬೇಕು.

ಈಗ ವೈದ್ಯರ ಮೇಲಿನ ದೂರುಗಳ ಮಾತು. ಬ್ರಿಟನ್ನಿನಲ್ಲಿ ವೈದ್ಯರ ವಿರುದ್ಧದ ವಿಚಾರಣೆ ಸಾಮಾನ್ಯವಾಗಿ ಬಹಿರಂಗವಾಗಿ ನಡೆಯುತ್ತದೆ, ಶಿಕ್ಷೆಯಾದರೆ ಅದು ವೈದ್ಯರ ನೋಂದಣಿ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡುವಂತೆ ದಾಖಲಾಗುತ್ತದೆ. ರೋಗಿಯನ್ನು ‘ರೋಗಿ ಎ’ ಎಂದಷ್ಟೇ ಕರೆಯುತ್ತಾರೆ. ಆರೋಪಕ್ಕೆ ಒಳಗಾದ ವೈದ್ಯರ ಸ್ವಂತ ಆರೋಗ್ಯದ ವಿಷಯ ಬಂದರೆ ಆ ಭಾಗವನ್ನು ಮಾತ್ರ ಮುಚ್ಚಿದ ಬಾಗಿಲಿನ ಹಿಂದೆ ಕೇಳುತ್ತಾರೆ. ನನಗೆ ಇಷ್ಟವಾಗುವುದು ಇದೇ. ವೈದ್ಯರೂ ರೋಗಿಯಾಗುವ ಕ್ಷಣದಲ್ಲಿ ಅವರಿಗೂ ಪರದೆ ಸಿಗುತ್ತದೆ, ಅಲ್ಲಿಯವರೆಗೆ ಇಲ್ಲ. ನಮ್ಮಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ವೈದ್ಯರ ಮುಷ್ಕರದ ನಡುವೆ ಬಂದ 2017ರ ತಿದ್ದುಪಡಿಯ ನಂತರ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ನೋಂದಣಿಯ ಜೊತೆಗೆ ದೂರು ಪರಿಹಾರದ ಅಧಿಕಾರವನ್ನೂ ಕೊಟ್ಟಿದೆ. ಅದರ ಆದೇಶಗಳನ್ನು ರೋಗಿಯ ಹೆಸರು ತೆಗೆದು, ಆಸ್ಪತ್ರೆಯ ಹೆಸರು ಉಳಿಸಿ, ಕಾರಣ ಸಹಿತ ಜಿಲ್ಲೆಯ ಜಾಲತಾಣದಲ್ಲಿ ಹಾಕಲು ಹೊಸ ಕಾನೂನೇನೂ ಬೇಡ. ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು ಕೇಳದೆಯೇ ಕೊಡಬೇಕೆಂದು 2005ರಿಂದ ಹೇಳುತ್ತಲೇ ಇದೆ. ಇನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ ರಾಜ್ಯ ವೈದ್ಯಕೀಯ ಪರಿಷತ್ತಿನ ಆದೇಶದ ವಿರುದ್ಧ ಮೇಲ್ಮನವಿಗೆ ಹೋಗುವ ದಾರಿಯನ್ನು ವೈದ್ಯರಿಗೆ ಹೇಳಿದ್ದಾರೆ, ದೂರು ಕೊಟ್ಟ ರೋಗಿಗೆ ಹೇಳಿಲ್ಲ. ಮೇಲ್ಮನವಿಗೂ ಬರದ, ಪ್ರಕಟವೂ ಆಗದ ಆದೇಶ ಬೀರುವಿನಲ್ಲಿಯೇ ಮುಪ್ಪಾಗುತ್ತದೆ.

ಎಲ್ಲವನ್ನೂ ತೆರೆದಿಡಿ ಎಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಒಂದು ಉದಾಹರಣೆ ತಾಯಿ ಮರಣದ ಪರಿಶೋಧನೆ. ಹೆರಿಗೆಯಲ್ಲಿ ತಾಯಿ ತೀರಿಕೊಂಡಾಗ ನಡೆಯುವ ಈ ವಿಚಾರಣೆಯಲ್ಲಿ ದಾದಿಯರು, ವೈದ್ಯರು, ಆಂಬುಲೆನ್ಸಿನವರು ನಡೆದದ್ದನ್ನು ನಡೆದಂತೆ ಹೇಳಬೇಕಾದರೆ, ಆ ಮಾತು ನಾಳೆ ಪತ್ರಿಕೆಯಲ್ಲಿ ಬರುವುದಿಲ್ಲ ಎಂಬ ಧೈರ್ಯ ಅವರಿಗೆ ಇರಬೇಕು. ಹೇಳಿಕೆಗಳು ಗೋಪ್ಯವಾಗಿಯೇ ಇರಲಿ. ಆದರೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ನಂತರ ಗ್ಲೂಕೋಸ್ ಬಾಟಲಿಯಂತೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದಾಗ ಜನ ಕೇಳಿದ್ದು ಯಾರ ಹೇಳಿಕೆಯನ್ನೂ ಅಲ್ಲ. ಯಾವ ಬ್ಯಾಚು, ಯಾವ ಪ್ರಯೋಗಾಲಯದ ಪರೀಕ್ಷೆ, ಯಾವ ದಿನಾಂಕದ ವರದಿ, ವರದಿ ಬಂದ ಮೇಲೂ ಅದು ಯಾವ ಯಾವ ಆಸ್ಪತ್ರೆಗೆ ಹೋಯಿತು ಎಂಬುದನ್ನು. ಬ್ಯಾಚ್ ಸಂಖ್ಯೆಗೆ ಮರ್ಯಾದೆ ಹೋಗುವ ಭಯವಿಲ್ಲ.

ಸತ್ತವರಿಗೆ ಖಾಸಗಿತನ ಇದೆಯೇ ಎಂದು ಸಭೆಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದರು. ಆ ಹಕ್ಕು ವ್ಯಕ್ತಿಯೊಂದಿಗೇ ಮುಗಿಯುತ್ತದೆ ಎಂದು ಕೆಲವು ಹೈಕೋರ್ಟುಗಳು ಹೇಳಿವೆ. ಆದರೆ ಕಾಯಿಲೆಯ ಸುದ್ದಿ ಸತ್ತವರೊಂದಿಗೆ ಮಣ್ಣಾಗುವುದಿಲ್ಲ. ‘ಆ ಮನೆಯಲ್ಲಿ ಹಾರ್ಟಿನ ತೊಂದರೆ ಇದೆಯಂತೆ’ ಎಂಬ ಒಂದು ಮಾತಿಗೆ ಮಗಳ ಸಂಬಂಧ ತಪ್ಪಿದ್ದನ್ನು ಈ ಜಿಲ್ಲೆಯಲ್ಲಿ ನಾನು ಕೇಳಿದ್ದೇನೆ. ಹೃದಯಾಘಾತದ ವರದಿಯ ನಂತರ, ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸತ್ತ 45 ವರ್ಷದೊಳಗಿನವರಿಗೆ ಮರಣೋತ್ತರ ಪರೀಕ್ಷೆ ನಡೆಸುವುದಾಗಿಯೂ, ಇಂಥ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿಸುವುದಾಗಿಯೂ ಸರ್ಕಾರ ಹೇಳಿತು. ಒಳ್ಳೆಯ ನಿರ್ಧಾರವೇ. ಆ ವರದಿಯ ನಮೂನೆಯನ್ನು ರೂಪಿಸುವವರು ಎಫ್ ನಮೂನೆಯನ್ನಲ್ಲ, ಗರ್ಭಪಾತದ ವಹಿಯನ್ನು ಮಾದರಿಯಾಗಿ ಇಟ್ಟುಕೊಳ್ಳಲಿ ಎಂಬುದು ನನ್ನ ಕೋರಿಕೆ.

ನರ್ಸಿಂಗ್ ಓದುತ್ತಿರುವ ಹುಡುಗಿಯೊಬ್ಬರ ಪ್ರಶ್ನೆ ಇನ್ನೂ ನೇರವಾಗಿತ್ತು: ‘ಸರ್, ರಾತ್ರಿ ಪಾಳಿಯಲ್ಲಿ ಪೇಷೆಂಟ್ ತೀರಿಕೊಂಡರೆ ಸಂಬಂಧಿಕರು, ಊರಿನ ಮುಖಂಡರು, ಟೀವಿಯವರು ಎಲ್ಲ ಒಟ್ಟಿಗೆ ಬಂದು ಕೇಳುತ್ತಾರೆ. ಯಾರಿಗೆ ಏನು ಹೇಳಬೇಕು?’ ನಾನು ಹೇಳಿದ್ದು ಇಷ್ಟು: ರೋಗಿ ಎಷ್ಟು ಹೊತ್ತಿಗೆ ಬಂದರು, ಕರ್ತವ್ಯದ ಮೇಲೆ ವೈದ್ಯರು ಇದ್ದರೇ, ಯಂತ್ರ ಕೆಲಸ ಮಾಡುತ್ತಿತ್ತೇ ಎಂಬುದು ಆಸ್ಪತ್ರೆಯ ಸಂಗತಿ, ಅದಕ್ಕೆ ಮೇಲಧಿಕಾರಿ ಎಲ್ಲರ ಎದುರೂ ಉತ್ತರ ಕೊಡಬೇಕು, ಕೊಡದಿದ್ದರೆ ಕೇಳಲು ಬಂದವರಿಗೆ ನೀವು ಆ ಅಧಿಕಾರಿಯ ಕಡೆಗೇ ದಾರಿ ತೋರಿಸಿ. ರೋಗಿಗೆ ಏನಾಗಿತ್ತು ಎಂಬುದು ಹೆಂಡತಿ, ಮಕ್ಕಳಿಗೆ ಸೇರಿದ ಸಂಗತಿ, ಅದನ್ನು ಪಕ್ಕದ ಕೋಣೆಗೆ ಕರೆದು ಹೇಳಿ. ರೋಗಿಯಾಗಲಿ ಅವರ ಅಧಿಕೃತ ಪ್ರತಿನಿಧಿಯಾಗಲಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯರ ವೃತ್ತಿ ನಡತೆಯ ನಿಯಮಗಳೇ ಹೇಳುತ್ತವೆ, ಅವರಿಂದ ಅದನ್ನು ಬಚ್ಚಿಡುವುದಕ್ಕೆ ಖಾಸಗಿತನದ ಹೆಸರು ಹೇಳುವಂತಿಲ್ಲ.

ಕೊನೆಗೆ ಹೊರಡುವಾಗ ಒಬ್ಬ ಯುವಕ, ಈಗಷ್ಟೇ ಇಲಾಖೆಗೆ ಸೇರಿದವರು, ಪಕ್ಕಕ್ಕೆ ಕರೆದು ಹೆಸರು ಮರೆಮಾಡುವುದನ್ನು ಪ್ರತ್ಯಕ್ಷವಾಗಿ ಹೇಗೆ ಮಾಡುವುದು ಎಂದು ಕೇಳಿದರು. ನನಗೆ ಆ ದಿನ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ಅದು. ಮೂಲ ಕಡತವನ್ನು ಮುಟ್ಟಬೇಡಿ, ಜೆರಾಕ್ಸ್ ಪ್ರತಿಯ ಮೇಲೆ ಕಪ್ಪು ಮಾರ್ಕರ್ ಎಳೆಯಿರಿ, ಆದರೆ ಆ ಪ್ರತಿಯನ್ನೇ ಕೊಡಬೇಡಿ, ಬೆಳಕಿಗೆ ಹಿಡಿದರೆ ಹೆಸರು ಕಾಣುತ್ತದೆ. ಮಾರ್ಕರ್ ಎಳೆದದ್ದನ್ನು ಇನ್ನೊಮ್ಮೆ ಜೆರಾಕ್ಸ್ ಮಾಡಿ ಆ ಎರಡನೆಯ ಪ್ರತಿಯನ್ನು ಕೊಡಿ ಎಂದೆ. ಕಂಪ್ಯೂಟರಿನಲ್ಲಾದರೆ ಅಕ್ಷರದ ಮೇಲೆ ಕಪ್ಪು ಪಟ್ಟಿ ಇಟ್ಟರೆ ಸಾಲದು, ಅದನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಅಡಿಯ ಅಕ್ಷರ ಎದ್ದು ಬರುತ್ತದೆ, ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿ. ನಲವತ್ತು ಹಾಳೆಗೆ ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಕೇಳಿದರು. ಒಂದು ಮಧ್ಯಾಹ್ನ ಎಂದೆ.